ಬರೆದ ಮೇಲೆ ಮಾತು: ನಮ್ಮ ರೈತ ಕಂಪನಿ ಮಾಡಿಸಿಕೊಂಡ ಎರಡು ದಿನದ ತಂಡ ತರಬೇತಿ

ಎರಡು ದಿನಕ್ಕೆ 32,000 ರೂಪಾಯಿ. ಊಟ ಮತ್ತು ಸಭಾಂಗಣ ನಮ್ಮದೇ. ಈ ಲೆಕ್ಕ ನಿರ್ದೇಶಕ ಮಂಡಳಿಯ ಮುಂದೆ ಬಂದಾಗ ಮೊದಲು ಬೇಡವೆಂದವಳು ನಾನು. 1,350 ರೂಪಾಯಿಯ ಡಿಎಪಿ ಗೊಬ್ಬರದ ಮೂಟೆ ಆ ಹಣಕ್ಕೆ 23 ಬರುತ್ತವೆ, ಮಾತನಾಡುವುದು ಹೇಗೆ ಎಂದು ಕಲಿಯಲು ಇಷ್ಟು ದುಡ್ಡು ಏಕೆ ಎಂದು ಕೇಳಿದ್ದೆ. ತರಬೇತಿ ಮುಗಿದು ಮೂರು ತಿಂಗಳಾಗಿವೆ. ನಮ್ಮಂತಹ ಕಂಪನಿಗಳು ಮಂಡ್ಯ ಜಿಲ್ಲೆಯಲ್ಲಿ ಸಾಕಷ್ಟಿವೆ. ಅವರೂ ಇಂತಹ ತರಬೇತಿ ತೆಗೆದುಕೊಳ್ಳುವ ಯೋಚನೆಯಲ್ಲಿರಬಹುದು. ಅವರಿಗಾಗಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ತರಬೇತಿ ಕೊಟ್ಟವರ ಕೆಲವು ತಪ್ಪುಗಳನ್ನೂ ಇಲ್ಲಿ ಹೇಳಬೇಕಾಗಿದೆ. ಹೆಸರು ಹಾಕಲು ಅವರ ಒಪ್ಪಿಗೆ ಪಡೆದಿಲ್ಲವಾದ್ದರಿಂದ ಮೈಸೂರಿನಿಂದ ಬಂದ ಇಬ್ಬರು ಎಂದಷ್ಟೇ ಹೇಳುತ್ತೇನೆ: ಐವತ್ತರ ಆಸುಪಾಸಿನ ಒಬ್ಬ ಮೇಡಂ, ಅವರ ಜೊತೆಗೆ ಒಬ್ಬ ಯುವಕ.

ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ರೈತ ಉತ್ಪಾದಕರ ಕಂಪನಿ. ಕೇಂದ್ರ ಸರ್ಕಾರ 2020ರಲ್ಲಿ ಹತ್ತು ಸಾವಿರ ಇಂತಹ ಕಂಪನಿಗಳನ್ನು ಕಟ್ಟುವ ಯೋಜನೆ ತಂದಿತಲ್ಲ, ಅದರಲ್ಲಿ ಹುಟ್ಟಿದ್ದು. 640 ಷೇರುದಾರರು, ಹತ್ತು ಜನ ನಿರ್ದೇಶಕರು, ಅವರಲ್ಲಿ ಇಬ್ಬರು ಹೆಂಗಸರು. ನನಗೆ ಎರಡೂವರೆ ಎಕರೆ ಕಬ್ಬಿದೆ, ನಾಲೆಯ ಬಯಲಿನಲ್ಲಿ ಅರ್ಧ ಎಕರೆ ಭತ್ತವಿದೆ. ಸ್ವಸಹಾಯ ಸಂಘದ ಲೆಕ್ಕ ಬರೆದು ಅಭ್ಯಾಸವಿದ್ದುದರಿಂದ ನನ್ನನ್ನು ಮಂಡಳಿಗೆ ಸೇರಿಸಿದರು.

ನಮ್ಮ ಮಂಡಳಿಯಲ್ಲಿ ಜಗಳವಿಲ್ಲ. ಯಾರಾದರೂ ಕೇಳಿದರೆ ಇದನ್ನೇ ಹೆಮ್ಮೆಯಿಂದ ಹೇಳುತ್ತಿದ್ದೆವು. ನಡಾವಳಿ ಪುಸ್ತಕ ತೆಗೆದರೆ ಪುಟಪುಟದಲ್ಲೂ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದೇ ಇದೆ. 2023ರಲ್ಲಿ ಬೆಲ್ಲದ ಪುಡಿಯನ್ನು ಪ್ಯಾಕೆಟ್‌ಗೆ ತುಂಬುವ ಯಂತ್ರವನ್ನು 4.6 ಲಕ್ಷ ರೂಪಾಯಿ ಕೊಟ್ಟು ತಂದದ್ದೂ ಸರ್ವಾನುಮತದಿಂದಲೇ. ಪುಡಿಯಲ್ಲಿ ಸ್ವಲ್ಪ ತೇವ ಉಳಿದರೂ ಯಂತ್ರದ ಬಾಯಿಗೆ ಅಂಟಿಕೊಂಡು ಕೆಳಗೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಬೆಲ್ಲ ಗಾಳಿಯಲ್ಲಿನ ತೇವವನ್ನೆಲ್ಲ ಹೀರಿಕೊಳ್ಳುತ್ತದೆ, ಇದು ನಮ್ಮ ಜಿಲ್ಲೆಯ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ಕೊಂಡೆವು. ಈಗ ಆ ಯಂತ್ರ ಗೋದಾಮಿನ ಮೂಲೆಯಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಇದೆ. ತರಬೇತಿಯ ಮಾತು ಹುಟ್ಟಿದ್ದೇ ಈ ಯಂತ್ರದಿಂದ. ನಮ್ಮ ಸಿಇಒ ಮೂವತ್ತು ವಯಸ್ಸಿನ ಹುಡುಗ. ‘ಇನ್ನೊಂದು ಸಲ ಹೀಗಾದರೆ ಕಂಪನಿ ಉಳಿಯುವುದಿಲ್ಲ’ ಎಂದು ಪಟ್ಟು ಹಿಡಿದ. ಏಕೆಂದರೆ ಮುಂದಿನ ಪ್ರಸ್ತಾವ ಇನ್ನೂ ದೊಡ್ಡದಿತ್ತು. 38 ಲಕ್ಷ ರೂಪಾಯಿ ಸಾಲ ಎತ್ತಿ ಸ್ವಂತ ಆಲೆಮನೆ ಕಟ್ಟುವುದು. ಮಂಡ್ಯಕ್ಕೆ ‘ಒಂದು ಜಿಲ್ಲೆ ಒಂದು ಉತ್ಪನ್ನ’ದಲ್ಲಿ ಬೆಲ್ಲವನ್ನೇ ಗುರುತಿಸಿದ್ದಾರೆ, ಕಿರು ಆಹಾರ ಸಂಸ್ಕರಣೆಯ ಯೋಜನೆಯಲ್ಲಿ ಶೇ 35ರಷ್ಟು ಸಹಾಯಧನವಿತ್ತು. ಇಷ್ಟು ಸಾಕಾಗಿತ್ತು, ಎಲ್ಲರೂ ಮತ್ತೆ ತಲೆಯಾಡಿಸಲು ಸಿದ್ಧರಿದ್ದೆವು.

ಸಂಕ್ರಾಂತಿಯ ಕಿಚ್ಚು ಹಾಯಿಸಿದ ಮೂರನೆಯ ದಿನ ತರಬೇತಿ ಇಟ್ಟುಕೊಂಡೆವು. ಊರಿನ ಸಮುದಾಯ ಭವನದ ಕಿಟಕಿಯಿಂದ ಕುಂತಿಬೆಟ್ಟ ಕಾಣುತ್ತದೆ. ಹತ್ತು ನಿರ್ದೇಶಕರ ಜೊತೆಗೆ ಸಿಇಒ, ಲೆಕ್ಕ ಬರೆಯುವ ಹುಡುಗಿ, ಗೋದಾಮು ನೋಡಿಕೊಳ್ಳುವವರು, ಬೆಲ್ಲ ತೆಗೆಯುವ ಅನುಭವವಿರುವ ಗಾಣದ ಅಣ್ಣ, ಒಟ್ಟು 14 ಜನ. ಕೆಲಸಗಾರರನ್ನೂ ಕೂರಿಸಬೇಕು ಎಂಬುದು ಮೈಸೂರಿನವರು ಹಾಕಿದ ಷರತ್ತು. ಕೆಲವು ನಿರ್ದೇಶಕರಿಗೆ ಅದು ಹಿಡಿಸಲಿಲ್ಲ. ಆದರೆ ಆ ಒಂದು ಷರತ್ತಿಗೇ ಅರ್ಧ ಶುಲ್ಕ ಸಂದಾಯವಾಯಿತು ಎಂದು ಈಗ ನನಗೆ ಅನ್ನಿಸುತ್ತದೆ.

ಮೊದಲ ಒಂದು ಗಂಟೆ ವ್ಯರ್ಥವಾಯಿತು. ಎಲ್ಲರೂ ವೃತ್ತವಾಗಿ ನಿಂತು, ಎದುರಿನವರ ಕೈ ಹಿಡಿದು, ಕೈ ಬಿಡದೆ ಆ ಗಂಟು ಬಿಡಿಸಿಕೊಳ್ಳುವ ಆಟ ಅದು. ಪಟ್ಟಣದ ಕಚೇರಿಗಳಲ್ಲಿ ಹುಡುಗ ಹುಡುಗಿಯರು ನಗುತ್ತಾ ಆಡಬಹುದು. ಸೀರೆಯುಟ್ಟ ನಾವಿಬ್ಬರು, ವಾವೆಯಲ್ಲಿ ಭಾವ, ಮಾವ ಆಗುವವರ ಕೈ ಹಿಡಿದು ಬಗ್ಗಿ ನುಸುಳುವುದು ಹೇಗೆ? ಇಬ್ಬರೂ ಹೊರಗೆ ಉಳಿದೆವು. ತರಬೇತಿಯ ಮೊದಲ ಗಂಟೆಯಲ್ಲೇ ಹೆಂಗಸರು ಗೋಡೆಯ ಪಕ್ಕ ನಿಲ್ಲುವಂತಾದದ್ದು ನನಗೆ ಬೇಸರ ತಂದಿತು. ಊಟದ ಹೊತ್ತಿಗೆ ಮೇಡಂಗೆ ಅದನ್ನು ನೇರವಾಗಿಯೇ ಹೇಳಿದೆ. ‘ತಪ್ಪಾಯಿತು, ಮುಂದೆ ಹಳ್ಳಿಯಲ್ಲಿ ಇದನ್ನು ಮಾಡಿಸುವುದಿಲ್ಲ’ ಎಂದರು.

ಅಲ್ಲಿಂದ ಮುಂದೆ ಕೆಲಸ ಶುರುವಾಯಿತು. ಎಲ್ಲರಿಗೂ ಒಂದೊಂದು ಹಳದಿ ಕಾರ್ಡು, ಒಂದೊಂದು ಪೆನ್ನು. ‘2026ರ ಮಾರ್ಚ್ 31ಕ್ಕೆ ಕಂಪನಿಯಲ್ಲಿ ಯಾವ ಒಂದು ಕೆಲಸ ಆಗಿದ್ದರೆ ನಿಮಗೆ ಸಮಾಧಾನ?’ ಇದು ಪ್ರಶ್ನೆ. ಹತ್ತು ನಿಮಿಷ ಯಾರೂ ಮಾತನಾಡುವಂತಿಲ್ಲ, ಪಕ್ಕದವರದನ್ನು ನೋಡುವಂತಿಲ್ಲ. ಆಮೇಲೆ ಸರದಿಯಂತೆ ಒಬ್ಬೊಬ್ಬರದು ಒಂದೊಂದನ್ನು ಗೋಡೆಗೆ ಅಂಟಿಸುತ್ತಾ ಹೋಗುತ್ತಾರೆ. ಎಲ್ಲವೂ ಗೋಡೆ ಸೇರುವವರೆಗೆ ಸರಿ ತಪ್ಪು ಎನ್ನುವಂತಿಲ್ಲ, ಅರ್ಥವಾಗದಿದ್ದರೆ ಕೇಳಬಹುದು ಅಷ್ಟೇ. ಅಮೆರಿಕದ ಡೆಲ್‌ಬೆಕ್ ಮತ್ತು ವ್ಯಾನ್ ಡಿ ವೆನ್ ಎಂಬ ಇಬ್ಬರು 1971ರ ಹೊತ್ತಿಗೆ ಈ ಕ್ರಮವನ್ನು ರೂಪಿಸಿ ಪ್ರಕಟಿಸಿದರು ಎಂದು ಮೇಡಂ ವಿವರಿಸಿದರು. ಗಟ್ಟಿ ದನಿಯವರು ಮೊದಲು ಮಾತನಾಡಿಬಿಟ್ಟರೆ ಉಳಿದವರ ಯೋಚನೆ ಅವರ ಹಿಂದೆಯೇ ಹೋಗುತ್ತದೆ, ಅದಕ್ಕೇ ಮೊದಲು ಬರೆಯಬೇಕು, ಆಮೇಲೆ ಮಾತು.

ಗೋಡೆಯ ಮೇಲೆ ಬಂದದ್ದು ಹೀಗಿತ್ತು. ಸ್ವಂತ ಆಲೆಮನೆ ಎಂದು ಐದು ಜನ. ಗೊಬ್ಬರದ ಅಂಗಡಿ ದೊಡ್ಡದಾಗಬೇಕು ಎಂದು ಮೂವರು. ಷೇರುದಾರರಿಗೆ ಲಾಭಾಂಶ ಕೊಡಬೇಕು ಎಂದು ಇಬ್ಬರು. ಟ್ರ್ಯಾಕ್ಟರ್, ಕಬ್ಬು ಕಟಾವಿನ ಯಂತ್ರ ಬಾಡಿಗೆಗೆ ಸಿಗಬೇಕು ಎಂದು ಇಬ್ಬರು. ಇರುವ ಸಾಲ ಮೊದಲು ತೀರಲಿ ಎಂದು ಒಬ್ಬರು. ಒಂದು ಕಾರ್ಡು ಖಾಲಿ. ನಾಲ್ಕು ವರ್ಷದಿಂದ ‘ನಮ್ಮ ಗುರಿ ಒಂದೇ’ ಎಂದು ಪ್ರತಿ ವಾರ್ಷಿಕ ಸಭೆಯಲ್ಲೂ ಭಾಷಣ ಮಾಡಿದ ನಾವು ಆ ಗೋಡೆಯ ಮುಂದೆ ಬಹಳ ಹೊತ್ತು ಸುಮ್ಮನೆ ನಿಂತಿದ್ದೆವು. ಕೊನೆಗೆ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ನಿರ್ದೇಶಕರು, ‘ನೊಗ ಒಂದೇ ಇದೆ, ಎತ್ತುಗಳು ನಾಲ್ಕು ದಿಕ್ಕಿಗೆ ಎಳೆಯುತ್ತಿವೆ. ಸಾಲು ನೆಟ್ಟಗೆ ಹೇಗೆ ಬರಬೇಕು?’ ಎಂದರು. ಅಲ್ಲಿಯವರೆಗೆ ಎಲ್ಲರ ಗುರಿ ಒಂದಾಗುವುದಕ್ಕೆ ‘ಅಲೈನ್‌ಮೆಂಟ್’ ಎನ್ನುತ್ತಿದ್ದ ಯುವಕ ಅವರ ಮಾತನ್ನು ದೊಡ್ಡ ಹಾಳೆಯ ಮೇಲೆ ಬರೆದುಕೊಂಡ.

ಖಾಲಿ ಕಾರ್ಡಿನ ವಿಷಯವನ್ನು ಇಲ್ಲಿಯೇ ಹೇಳಬೇಕು. ಅದು ಯಾರದ್ದೆಂದು ಆಗ ಯಾರೂ ಕೇಳಲಿಲ್ಲ. ಸಂಜೆ ಮನೆಗೆ ಹೋಗುವಾಗ ನಿರ್ದೇಶಕರೊಬ್ಬರು ನನ್ನ ಜೊತೆ ನಾಲೆಯ ಏರಿಯ ಮೇಲೆ ನಡೆದು ಬಂದರು. ‘ತಂಗಿ, ಅದು ನನ್ನದು. ಸಹಿ ಮಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಬೇರೆಯವರ ಕೈಯಲ್ಲಿ ಬರೆಸಿದರೆ ಗುಟ್ಟು ಎಲ್ಲಿ ಉಳಿಯಿತು?’ ಎಂದರು. ಆರು ಎಕರೆ ಕಬ್ಬು ಬೆಳೆಯುವವರು ಅವರು. ಯಾವ ತಳಿಗೆ ಎಷ್ಟು ತಿಂಗಳಿಗೆ ಇಳುವರಿ ಎಂದು ಬಾಯಲ್ಲೇ ಹೇಳಬಲ್ಲರು. ಬರೆಯುವುದೇ ಆಧಾರವಾದ ತರಬೇತಿ ಕೊಡುವವರು ಬರೆಯಲು ಯಾರಿಗೆ ಕಷ್ಟ ಎಂದು ಮುಂಚೆಯೇ ವಿಚಾರಿಸಬೇಕಿತ್ತು. ಈ ಇಡೀ ಸೇವೆಯಲ್ಲಿ ನಾನು ಕಂಡ ದೊಡ್ಡ ಕೊರತೆ ಇದು. ರಾತ್ರಿಯೇ ಮೇಡಂಗೆ ಫೋನ್ ಮಾಡಿ, ಹೆಸರು ಹೇಳದೆ ವಿಷಯ ತಿಳಿಸಿದೆ. ಎರಡನೆಯ ದಿನ ಅವರು ನೀರು, ಕಬ್ಬಿನ ಗಾಡಿ, ಹಣ, ಕೂಲಿಯಾಳು, ಮಳೆ, ಬೆಲ್ಲದ ಅಚ್ಚು, ಹೀಗೆ ಚಿತ್ರ ಬಿಡಿಸಿದ ಕಾರ್ಡುಗಳನ್ನು ಎಲ್ಲರಿಗೂ ಒಂದೊಂದು ಕಟ್ಟು ಕೊಟ್ಟರು. ಬೇಕಾದವರು ಬರೆಯಬಹುದು, ಬೇಕಾದವರು ಚಿತ್ರ ಆರಿಸಿ ಹಾಕಬಹುದು. ಒಂದೇ ರಾತ್ರಿಯಲ್ಲಿ ಇಷ್ಟು ಮಾಡಿಕೊಂಡು ಬಂದದ್ದಕ್ಕೆ ಅವರ ಮೇಲೆ ನನಗೆ ಗೌರವ ಹುಟ್ಟಿತು.

ಮೊದಲ ದಿನ ಮಧ್ಯಾಹ್ನದ್ದು ಚಂದ್ರನ ಆಟ. ಇದು 1960ರ ದಶಕದ್ದಂತೆ, ಪ್ರಪಂಚದ ಅನೇಕ ಕಡೆ ತರಬೇತಿಗಳಲ್ಲಿ ಬಳಸುತ್ತಾರೆ. ನೀವು ಗಗನಯಾತ್ರಿಗಳು. ನಿಮ್ಮ ನೌಕೆ ಚಂದ್ರನ ಮೇಲೆ ಬೇರೆ ಜಾಗದಲ್ಲಿ ಬಿದ್ದಿದೆ. ಮುಖ್ಯ ನೌಕೆ ಸುಮಾರು 320 ಕಿಲೋಮೀಟರ್ ದೂರದಲ್ಲಿದೆ. ಉಳಿದಿರುವುದು 15 ಸಾಮಾನು: ಬೆಂಕಿಪೊಟ್ಟಣ, ಆಮ್ಲಜನಕದ ಎರಡು ಸಿಲಿಂಡರ್, ನೀರು, ನಕ್ಷತ್ರಗಳ ನಕ್ಷೆ, ಹಗ್ಗ, ದಿಕ್ಸೂಚಿ, ಹಾಲಿನ ಪುಡಿ, ಪಿಸ್ತೂಲು ಇತ್ಯಾದಿ. ಯಾವುದು ಹೆಚ್ಚು ಮುಖ್ಯ ಎಂದು 1ರಿಂದ 15ರವರೆಗೆ ಮೊದಲು ಒಬ್ಬೊಬ್ಬರೇ, ಆಮೇಲೆ ತಂಡವಾಗಿ ಕ್ರಮ ಹಾಕಬೇಕು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ತಜ್ಞರ ಉತ್ತರದೊಂದಿಗೆ ಹೋಲಿಸಿ ಪ್ರತಿ ಸಾಮಾನಿಗೂ ಎಷ್ಟು ಸ್ಥಾನ ತಪ್ಪಾಯಿತು ಎಂದು ಕೂಡುತ್ತಾರೆ. ಅಂಕ ಕಡಿಮೆಯಾದಷ್ಟೂ ಒಳ್ಳೆಯದು.

ಪಾಂಡವಪುರದವರಿಗೆ ಚಂದ್ರ ಏಕೆ ಬೇಕು, ಕಾವೇರಿಗೆ ನೆರೆ ಬಂದು ನಡುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದೇವೆ ಎಂದರೆ ಸಾಲದೇ ಎಂದು ನಾನು ಕೇಳಿದೆ. ಅದಕ್ಕೆ ಮೇಡಂ ಕೊಟ್ಟ ಕಾರಣ ಸರಿಯಾಗಿತ್ತು. ನೆರೆಯ ವಿಷಯದಲ್ಲಿ ಯಾರಿಗೆ ಹೆಚ್ಚು ಗೊತ್ತು ಎಂದು ಊರಿನವರಿಗೆ ಮೊದಲೇ ಗೊತ್ತಿರುತ್ತದೆ, ಹಿರಿಯರ ಮಾತೇ ನಡೆಯುತ್ತದೆ. ಚಂದ್ರನ ವಿಷಯದಲ್ಲಿ ಯಾರೂ ಹಿರಿಯರಲ್ಲ. ಆಗಲೂ ಯಾರ ಮಾತು ನಡೆಯುತ್ತದೆ ಎಂದು ನೋಡಬೇಕು.

ಏಳು ಏಳು ಜನರ ಎರಡು ತಂಡ ಮಾಡಿದರು. ನಮ್ಮ ತಂಡದಲ್ಲಿ ಅಧ್ಯಕ್ಷರು, ನಿವೃತ್ತ ಮೇಷ್ಟ್ರು, ಲೆಕ್ಕ ಬರೆಯುವ ಹುಡುಗಿ, ಗಾಣದ ಅಣ್ಣ ಎಲ್ಲರೂ ಇದ್ದರು. ‘ದಾರಿ ಹುಡುಕಲು ದಿಕ್ಸೂಚಿ ಬೇಡವೇ?’ ಎಂದು ಅಧ್ಯಕ್ಷರು ಅದನ್ನು ನಾಲ್ಕನೆಯ ಸ್ಥಾನಕ್ಕೆ ಹಾಕಿಸಿದರು. ಎಲ್ಲರೂ ಹೌದೆಂದೆವು. ಬೆಂಕಿಪೊಟ್ಟಣದ ಮಾತು ಬಂದಾಗ ಗಾಣದ ಅಣ್ಣ ಮೆಲ್ಲಗೆ, ‘ಗಾಳಿ ಆಡದಿದ್ದರೆ ಕೊಪ್ಪರಿಗೆಯ ಕೆಳಗೇ ಸಿಪ್ಪೆ ಹತ್ತಿಕೊಳ್ಳುವುದಿಲ್ಲ. ಅಲ್ಲಿ ಗಾಳಿಯೇ ಇಲ್ಲವಂತೆ’ ಎಂದರು. ಆದರೂ ಇರಲಿ ಎಂದು 11ನೆಯ ಸ್ಥಾನ ಕೊಟ್ಟೆವು. ನಾಸಾದ ಪಟ್ಟಿಯಲ್ಲಿ ಬೆಂಕಿಪೊಟ್ಟಣ ಕೊನೆಯದು, 15. ದಿಕ್ಸೂಚಿ 14. ಚಂದ್ರನಿಗೆ ಭೂಮಿಗಿರುವಂತಹ ಕಾಂತಕ್ಷೇತ್ರವಿಲ್ಲ, ಮುಳ್ಳು ದಿಕ್ಕು ತೋರಿಸುವುದಿಲ್ಲ. ಮೊದಲನೆಯದು ಆಮ್ಲಜನಕ, ಎರಡನೆಯದು ನೀರು, ಮೂರನೆಯದು ನಕ್ಷತ್ರಗಳ ನಕ್ಷೆ.

ಅಂಕ ಕೂಡಿದಾಗ ನಮ್ಮ ಏಳು ಜನರ ಸರಾಸರಿ 54, ತಂಡವಾಗಿ 44. ಕೂಡಿ ಯೋಚಿಸಿದ್ದರಿಂದ ಸರಾಸರಿಗಿಂತ ಮೇಲಾದೆವು ಎಂದು ಚಪ್ಪಾಳೆ ತಟ್ಟಿದೆವು. ಮೇಡಂ ಆಗ, ‘ಈ ತಂಡದಲ್ಲಿ ಒಬ್ಬರ ಅಂಕ 28. ಅವರ ಮಾತು ಕೇಳಿದ್ದರೆ ಸಾಕಿತ್ತು’ ಎಂದರು. ಅದು ಲೆಕ್ಕ ಬರೆಯುವ ಹುಡುಗಿಯ ಹಾಳೆ. ಬಿ.ಎಸ್‌ಸಿ. ಓದಿದವಳು, ಕಂಪನಿಯಲ್ಲಿ ಎಲ್ಲರಿಗಿಂತ ಚಿಕ್ಕವಳು. ದಿಕ್ಸೂಚಿಗೆ 14 ಎಂದೇ ಬರೆದಿದ್ದಳು. ಗುಂಪಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಏಕೆ ಎಂದು ನಾನು ಕೇಳಿದೆ. ‘ಅಕ್ಕ, ಅಧ್ಯಕ್ಷರು ಹೇಳಿದ ಮೇಲೆ ನಾನು ಹೇಗೆ ಅಲ್ಲ ಎನ್ನಲಿ?’ ಎಂದಳು. ಆಮೇಲೆ ತಲೆ ತಗ್ಗಿಸಿಕೊಂಡು ಇನ್ನೊಂದು ಮಾತು ಸೇರಿಸಿದಳು: ಪ್ಯಾಕೆಟ್ ಯಂತ್ರದ ವಿಷಯದಲ್ಲೂ ತೇವದ ಬಗ್ಗೆ ಮಾರಾಟಗಾರರಿಗೆ ಫೋನ್ ಮಾಡಿ ವಿಚಾರಿಸಿದ್ದಳಂತೆ. ಅವರ ಉತ್ತರ ಅವಳಿಗೆ ಸಮಾಧಾನ ಕೊಟ್ಟಿರಲಿಲ್ಲ. ಸಭೆಯಲ್ಲಿ ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ಕ್ಷಣ ಸಭಾಂಗಣ ಹೇಗಿತ್ತು ಎಂದು ಬರೆಯಲು ನನಗೆ ಕಷ್ಟ. ಒಬ್ಬೊಬ್ಬರೇ ಒಪ್ಪಿಕೊಳ್ಳತೊಡಗಿದರು. ಗೋದಾಮಿನವರಿಗೆ ಅನುಮಾನವಿತ್ತು. ಮೇಷ್ಟ್ರಿಗೆ ಅನುಮಾನವಿತ್ತು. ನನಗೂ ಇತ್ತು, ಒಬ್ಬಳೇ ಅಡ್ಡ ಮಾತನಾಡಿದರೆ ಹೆಂಗಸಿಗೆ ವ್ಯವಹಾರ ತಿಳಿಯದು ಎಂದಾರು ಎಂದು ಸುಮ್ಮನಿದ್ದೆ. ಅಧ್ಯಕ್ಷರು, ‘ನಿಮಗೆಲ್ಲ ಬೇಕು ಎಂದುಕೊಂಡು ನಾನು ತಂದೆ, ನನಗೂ ಪೂರ್ತಿ ಮನಸ್ಸಿರಲಿಲ್ಲ’ ಎಂದರು. ಯಾರಿಗೂ ಬೇಡವಾದದ್ದನ್ನು 4.6 ಲಕ್ಷ ಕೊಟ್ಟು ಹತ್ತು ಜನ ಸೇರಿ ಕೊಂಡಿದ್ದೆವು! ಜೆರಿ ಹಾರ್ವೆ ಎಂಬ ಅಮೆರಿಕದ ಪ್ರಾಧ್ಯಾಪಕರು 1974ರಲ್ಲಿ ಇದನ್ನೇ ಬರೆದಿದ್ದಾರಂತೆ. ಟೆಕ್ಸಾಸಿನ ಸುಡುಬಿಸಿಲಿನಲ್ಲಿ ಒಂದು ಕುಟುಂಬ ಅಬಿಲೀನ್ ಎಂಬ ಊರಿಗೆ ಊಟಕ್ಕೆಂದು 53 ಮೈಲಿ ಹೋಗಿ ಬರುತ್ತದೆ. ಮನೆಗೆ ಬಂದ ಮೇಲೆ ತಿಳಿಯುತ್ತದೆ, ಯಾರಿಗೂ ಹೋಗುವ ಮನಸ್ಸಿರಲಿಲ್ಲ, ಉಳಿದವರಿಗೆ ಇಷ್ಟವಿದೆ ಎಂದುಕೊಂಡು ಎಲ್ಲರೂ ಹೊರಟಿದ್ದರು. ಭಿನ್ನಾಭಿಪ್ರಾಯಕ್ಕಿಂತ ಹುಸಿ ಒಪ್ಪಿಗೆ ಸಂಸ್ಥೆಗಳಿಗೆ ಹೆಚ್ಚು ಅಪಾಯ ಎಂದು ಮೇಡಂ ಹೇಳಿದಾಗ ನನಗೆ ನಮ್ಮ ನಡಾವಳಿ ಪುಸ್ತಕವೇ ಕಣ್ಣ ಮುಂದೆ ಬಂತು.

ಎರಡನೆಯ ದಿನ ಬೆಳಿಗ್ಗೆ ಯುವಕ ಬಿಳಿ ಹಲಗೆಯ ಮೇಲೆ ‘ಮರಣಪೂರ್ವ ಪರೀಕ್ಷೆ’ ಎಂದು ಬರೆದ. ಗ್ಯಾರಿ ಕ್ಲೈನ್ ಎಂಬ ಮನೋವಿಜ್ಞಾನಿ 2007ರಲ್ಲಿ ಪ್ರಕಟಿಸಿದ ಕ್ರಮ. ಸತ್ತ ಮೇಲೆ ಕಾರಣ ಹುಡುಕುವ ಬದಲು, ಕೆಲಸ ಶುರುವಾಗುವ ಮೊದಲೇ ಅದು ಸತ್ತುಹೋಗಿದೆ ಎಂದುಕೊಂಡು ಕಾರಣ ಬರೆಯುವುದು. ಹಿರಿಯ ನಿರ್ದೇಶಕರು ಎದ್ದು ನಿಂತರು. ‘ಹಬ್ಬ ಕಳೆದು ನಾಲ್ಕು ದಿನವಾಗಿಲ್ಲ, ಇನ್ನೂ ಕಟ್ಟದ ಆಲೆಮನೆಗೆ ಸಾವು ಎನ್ನುವುದು ಬೇಡ’ ಎಂದರು. ಅವರದು ನಿಜವಾದ ನೋವು, ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನಾನು ಸಿದ್ಧಳಿಲ್ಲ. ಮೇಡಂ ಕೂಡಲೇ ಹಲಗೆ ಒರೆಸಿ, ‘ಬೆಳೆ ಕೈಕೊಟ್ಟ ವರ್ಷ’ ಎಂದು ಬರೆದರು. ಬೆಳೆ ಕೈಕೊಡುವುದನ್ನು ಮೊದಲೇ ಯೋಚಿಸಿಕೊಳ್ಳದ ರೈತನಿಲ್ಲ. ಹಿರಿಯರು ಕುಳಿತು ಎಲ್ಲರಿಗಿಂತ ಮೊದಲು ಕಾರ್ಡು ಕೈಗೆತ್ತಿಕೊಂಡರು.

ಪ್ರಶ್ನೆ ಹೀಗಿತ್ತು. ಆಲೆಮನೆ ಕಟ್ಟಿ ಎರಡು ವರ್ಷವಾಗಿದೆ, ಅದು ಮುಚ್ಚಿದೆ, ಸಾಲದ ನೋಟಿಸು ಬಂದಿದೆ. ಏನಾಯಿತು? ‘ಏನಾಗಬಹುದು’ ಎಂದು ಕೇಳಿದ್ದರೆ ನಾವು ‘ಏನೂ ಆಗುವುದಿಲ್ಲ ಬಿಡಿ’ ಎನ್ನುತ್ತಿದ್ದೆವು. ‘ಏನಾಯಿತು’ ಎಂದು ಕೇಳಿದಾಗ ಕೈ ತಾನಾಗಿ ಬರೆಯಿತು. ಹದಿನೈದು ನಿಮಿಷದಲ್ಲಿ 37 ಕಾರಣ ಬಂದವು. 2023ರ ಹಾಗೆ ಕನ್ನಂಬಾಡಿ ತುಂಬಲಿಲ್ಲ, ನಾಲೆಗೆ ನೀರು ಸಾಲಲಿಲ್ಲ, ಕಬ್ಬು ಒಣಗಿತು. ಉತ್ತರ ಪ್ರದೇಶದಿಂದ ಬರುವ ಬೆಲ್ಲದ ಕೆಲಸಗಾರರು ಹಬ್ಬಕ್ಕೆ ಊರಿಗೆ ಹೋದವರು ಹಿಂತಿರುಗಲಿಲ್ಲ. ರಾಸಾಯನಿಕ ಹಾಕದ ಬೆಲ್ಲ ಕಂದು ಬಣ್ಣಕ್ಕೆ ಬಂತು, ಅಂಗಡಿಯವರು ಹೊಂಬಣ್ಣದ್ದೇ ಬೇಕೆಂದರು, ನಾವೂ ಸೋತು ಬಣ್ಣ ತಿಳಿಯಾಗಿಸುವ ರಾಸಾಯನಿಕ ಹೈಡ್ರೋಸ್ ಹಾಕಿದೆವು, ಹೆಸರು ಕೆಟ್ಟಿತು. ಈ ಕೊನೆಯದನ್ನು ಬರೆದವರು ಗಾಣದ ಅಣ್ಣ. ಪಾಕ ಏರುವಾಗ ಮನುಷ್ಯನ ಕೈ ಯಾವ ಡಬ್ಬಿಯ ಕಡೆ ಹೋಗುತ್ತದೆ ಎಂದು ಅವರಷ್ಟು ಬಲ್ಲವರು ನಮ್ಮಲ್ಲಿಲ್ಲ. ಒಂದು ಕಾರ್ಡಿನಲ್ಲಿ ಅಕ್ಷರವೇ ಇರಲಿಲ್ಲ. ಕಬ್ಬಿನ ಗಾಡಿಯ ಚಿತ್ರ, ಅದರ ಪಕ್ಕ ಹಣದ ಚಿತ್ರ. ಹಾಕಿದವರು ಯಾರೆಂದು ನನಗೆ ಗೊತ್ತಿತ್ತು. ನೆನ್ನೆ ಖಾಲಿ ಕಾರ್ಡು ಕೊಟ್ಟಿದ್ದವರು ಈ ದಿನ ಎದ್ದು ನಿಂತು ವಿವರಿಸಿದರು: ‘ನಮ್ಮ ಷೇರುದಾರರೇ ನಮಗೆ ಕಬ್ಬು ಕೊಡಲಿಲ್ಲ. ನಾವು ಹದಿನೈದು ದಿನಕ್ಕೆ ಹಣ ಎಂದೆವು. ಬೇರೆಯವರು ಗದ್ದೆಯ ಬದುವಿನಲ್ಲೇ ನಗದು ಎಣಿಸಿದರು.’

ಆಮೇಲೆ ಮತ ಹಾಕುವ ಕ್ರಮದಲ್ಲಿ ತರಬೇತುದಾರರು ಎಡವಿದರು. ಮೂರು ದಾರಿಗಳನ್ನು ಗೋಡೆಗೆ ಅಂಟಿಸಿದ್ದರು: ಸಾಲ ಮಾಡಿ ಸ್ವಂತ ಆಲೆಮನೆ, ಇರುವ ಆಲೆಮನೆಯನ್ನು ಬಾಡಿಗೆಗೆ ಹಿಡಿದು ಒಂದು ಹಂಗಾಮು ಪ್ರಯೋಗ, ಇಲ್ಲವೇ ಗೊಬ್ಬರದ ಅಂಗಡಿಯ ವಿಸ್ತರಣೆ. ಒಬ್ಬೊಬ್ಬರಿಗೆ ಮೂರು ಬಣ್ಣದ ಚುಕ್ಕೆ, ಎಲ್ಲರೆದುರು ಹೋಗಿ ಅಂಟಿಸಬೇಕು. ಅಧ್ಯಕ್ಷರು ಮೊದಲು ಎದ್ದು ಮೂರನ್ನೂ ಸ್ವಂತ ಆಲೆಮನೆಗೆ ಅಂಟಿಸಿದರು. ಮುಂದೇನಾಯಿತು ಎಂದು ಹೇಳಬೇಕಾಗಿಲ್ಲ. 42 ಚುಕ್ಕೆಗಳಲ್ಲಿ ಸ್ವಂತ ಆಲೆಮನೆಗೆ 26, ಬಾಡಿಗೆಗೆ 9, ಗೊಬ್ಬರಕ್ಕೆ 7. ಒಂದು ದಿನ ಪೂರ್ತಿ ಕಲಿತದ್ದನ್ನು ಹತ್ತು ನಿಮಿಷದಲ್ಲಿ ಕಳೆದುಕೊಂಡೆವು. ಈ ಸಲ ನಾನು ಸುಮ್ಮನಿರಲಿಲ್ಲ. ಅಡುಗೆಮನೆಯಿಂದ ಮೂರು ಸ್ಟೀಲ್ ಚೊಂಬು, ಒಂದು ಸೇರು ಒಣ ಅವರೆಕಾಳು ತಂದು, ಪರದೆಯ ಹಿಂದೆ ಇಟ್ಟು, ಇನ್ನೊಂದು ಸಲ ಹಾಕೋಣ ಎಂದೆ. ಒಬ್ಬರಿಗೆ ಮೂರು ಕಾಳು, ಹೋಗಿ ಹಾಕಿ ಬರುವುದು. ಎಣಿಸಿದಾಗ ಸ್ವಂತ ಆಲೆಮನೆಗೆ 12, ಬಾಡಿಗೆಗೆ 21, ಗೊಬ್ಬರಕ್ಕೆ 9.

ಅಧ್ಯಕ್ಷರು ಬಹಳ ಹೊತ್ತು ಆ ಚೊಂಬುಗಳನ್ನೇ ನೋಡುತ್ತಿದ್ದರು. ‘ನನ್ನ ಮುಖ ನೋಡಿ ಹೌದು ಎನ್ನುವವರು ಇಷ್ಟು ಜನ ಎಂದು ನನಗೆ ತಿಳಿದಿರಲಿಲ್ಲ’ ಎಂದರು. ಅವರು ಕೆಟ್ಟವರಲ್ಲ. ಕಂಪನಿಗೆ ಮೊದಲ ಷೇರು ಹಣ ಕೂಡಿಸಲು ಬಿಸಿಲಿನಲ್ಲಿ ಮನೆಮನೆ ಸುತ್ತಿದವರು. ಅವರಿಗೆ ಆ ಮಾತು ಎಷ್ಟು ಕಷ್ಟವಾಗಿರಬೇಕು ಎಂದು ನಾನು ಬಲ್ಲೆ, ಅದಕ್ಕೇ ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಅಂದಿನಿಂದ ಪ್ರತಿ ಸಭೆಯಲ್ಲೂ ಅವರು ಕೊನೆಯಲ್ಲೇ ಮಾತನಾಡುತ್ತಾರೆ.

ಉಳಿದ ಮಧ್ಯಾಹ್ನ ಹೊಣೆ ಹಂಚುವ ಪಟ್ಟಿ. ಪ್ರತಿ ಕೆಲಸದ ಎದುರು ಮಾಡುವವರು ಯಾರು, ಕೊನೆಗೆ ಉತ್ತರ ಕೊಡಬೇಕಾದವರು ಯಾರು, ಮುಂಚೆ ಯಾರನ್ನು ಕೇಳಬೇಕು, ಆಮೇಲೆ ಯಾರಿಗೆ ತಿಳಿಸಬೇಕು ಎಂದು ನಾಲ್ಕು ಮನೆ. ಉತ್ತರ ಕೊಡುವವರ ಮನೆಯಲ್ಲಿ ಒಂದೇ ಹೆಸರಿರಬೇಕು. ನಮ್ಮಲ್ಲಿ ಕೆಲವು ಕಡೆ ನಾಲ್ಕು ಹೆಸರು, ಕೆಲವು ಕಡೆ ಒಂದೂ ಇಲ್ಲ. ಇದು ಯಾರು ಬೇಕಾದರೂ ಕಾಗದ ಪೆನ್ನು ಹಿಡಿದು ಮಾಡಿಕೊಳ್ಳಬಹುದಾದ ಕೆಲಸ, ಇದಕ್ಕೆ ಮೈಸೂರಿನಿಂದ ಯಾರೂ ಬರಬೇಕಾಗಿಲ್ಲ.

ಮೇಡಂ ಹೊರಡುವ ಮೊದಲು ಬರೆಸಿಕೊಂಡ ಒಂದು ಸಾಲು ಮಾತ್ರ ಬಹಳ ಬೆಲೆಯದ್ದು. ‘ಯಾವ ಲಕ್ಷಣ ಕಂಡರೆ ಈ ಯೋಜನೆಯನ್ನು ನಿಲ್ಲಿಸುತ್ತೀರಿ? ಈಗಲೇ, ಮನಸ್ಸು ತಣ್ಣಗಿರುವಾಗ ಬರೆಯಿರಿ’ ಎಂದರು. ಚರ್ಚೆ ಮಾಡಿ ಬರೆದೆವು: ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಎರಡು ಬಾಡಿಗೆ ಆಲೆಮನೆಗಳಿಗೆ ಷೇರುದಾರರು ಒಪ್ಪಿಕೊಂಡ 120 ಟನ್ ಕಬ್ಬಿನಲ್ಲಿ ಕನಿಷ್ಠ 80 ಟನ್ ಬರಬೇಕು. ಬಾರದಿದ್ದರೆ ಈ ವರ್ಷ ಸಾಲದ ಅರ್ಜಿ ಹಾಕುವುದಿಲ್ಲ. ಹದಿನಾಲ್ಕು ಜನರೂ ಸಹಿ ಹಾಕಿದೆವು.

ಬಂದದ್ದು 71 ಟನ್. ಹತ್ತು ಟನ್ ಕಬ್ಬಿಗೆ ಹೆಚ್ಚು ಕಡಿಮೆ ಒಂದು ಟನ್ ಬೆಲ್ಲ ಎಂಬ ಲೆಕ್ಕದಲ್ಲಿ ಏಳು ಟನ್ನಿಗಿಂತ ಸ್ವಲ್ಪ ಹೆಚ್ಚು ಬೆಲ್ಲ ತೆಗೆದೆವು. ಹೈಡ್ರೋಸ್ ಹಾಕಲಿಲ್ಲ. ಬಣ್ಣ ಕಂದೇ, ಆದರೂ ಮೈಸೂರಿನ ಎರಡು ಅಂಗಡಿಗಳು ಮತ್ತೆ ಕೇಳಿ ಕೊಂಡವು. ಕಬ್ಬು ಕಡಿಮೆ ಬಂದದ್ದಕ್ಕೆ ಕಾರಣ ಆ ಚಿತ್ರದ ಕಾರ್ಡಿನಲ್ಲಿದ್ದದ್ದೇ: ಬದುವಿನಲ್ಲಿ ನಗದು. ಮಾರ್ಚ್ ಕೊನೆಯ ಸಭೆಯಲ್ಲಿ ಇಬ್ಬರು ನಿರ್ದೇಶಕರು, ‘ಒಂಬತ್ತು ಟನ್ ತಾನೇ ಕಡಿಮೆ, ಅರ್ಜಿ ಹಾಕಿಬಿಡೋಣ’ ಎಂದರು. ಲೆಕ್ಕ ಬರೆಯುವ ಹುಡುಗಿ ಏನೂ ಹೇಳದೆ ಸಹಿ ಹಾಕಿದ ಹಾಳೆಯನ್ನು ಮೇಜಿನ ನಡುವೆ ಇಟ್ಟಳು. ಅರ್ಜಿ ಹಾಕಲಿಲ್ಲ.

ಇನ್ನು ಸೇವೆಯ ಕೊರತೆಗಳ ಮಾತು. 45 ದಿನಕ್ಕೆ ಖುದ್ದಾಗಿ ಬಂದು ಅರ್ಧ ದಿನ ಕೂರುತ್ತೇವೆ ಎಂದಿದ್ದರು, ಬರಲಿಲ್ಲ. ಮೊಬೈಲಿನ ವಿಡಿಯೊ ಕರೆಯಲ್ಲಿ ನಲವತ್ತು ನಿಮಿಷ ಮಾತನಾಡಿ ಮುಗಿಸಿದರು, ನೆಟ್‌ವರ್ಕ್ ಕಡಿದು ಅರ್ಧ ಕೇಳಿಸಲಿಲ್ಲ. ಕೊಟ್ಟ ಮಾತಿಗೆ ಇದು ಸಮವಲ್ಲ, ಆ ಭಾಗದ ಹಣವನ್ನು ಕಡಿತ ಮಾಡಿ ಎಂದು ನಾವು ಕೇಳಬೇಕಿತ್ತು. ಚಂದ್ರನ ಆಟದ ಹಾಳೆಯ ಕನ್ನಡ ಓದಿದರೆ ಅರ್ಥವಾಗುವಂತಿರಲಿಲ್ಲ, ಮೇಷ್ಟ್ರು ಕುಳಿತು ಬಾಯಲ್ಲಿ ಬಿಡಿಸಿ ಹೇಳಿದ ಮೇಲೆ ಆಟ ಮುಂದುವರಿಯಿತು. ಕನ್ನಡದಲ್ಲಿ ತರಬೇತಿ ಎಂದು ಹಣ ಪಡೆದವರು ಹಾಳೆಗಳನ್ನು ನೆಟ್ಟಗಿನ ಕನ್ನಡದಲ್ಲಿ ತರಬೇಕು. ವರದಿ ಮಾತ್ರ ಹನ್ನೆರಡನೆಯ ದಿನಕ್ಕೆ ಬಂತು. ಒಂಬತ್ತು ಪುಟ, ಗೋಡೆಯ ಪ್ರತಿ ಕಾರ್ಡಿನ ಫೋಟೊ, ಚುಕ್ಕೆ ಮತ್ತು ಕಾಳಿನ ಎರಡೂ ಎಣಿಕೆ, ತಮ್ಮ ತಪ್ಪು ಎಲ್ಲಿ ಎಂಬುದೂ ಅದರಲ್ಲಿದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಅದರಲ್ಲಿ ಅರ್ಧ ಅಂಕ ಆ ವರದಿಯ ಪ್ರಾಮಾಣಿಕತೆಗೆ.

ನಿಮ್ಮ ಕಂಪನಿಯೋ ಹಾಲಿನ ಸಂಘವೋ ಇಂತಹದ್ದನ್ನು ಮಾಡಿಸುವುದಾದರೆ ಮುಂದೆ ಒಂದು ದೊಡ್ಡ ತೀರ್ಮಾನ ಕಾದಿರುವಾಗ ಮಾಡಿಸಿ. ಸುಮ್ಮನೆ ಒಗ್ಗಟ್ಟು ಬೆಳೆಯಲಿ ಎಂದು ಕರೆಸಿದರೆ ಆಟವಾಡಿ ಊಟ ಮಾಡಿ ಎದ್ದು ಹೋಗುತ್ತೀರಿ. ಕೂಲಿಯವರನ್ನು, ಲೆಕ್ಕದವರನ್ನು ಜೊತೆಗೆ ಕೂರಿಸಿ. ಬರೆಯಲು ಬಾರದವರು ಇದ್ದಾರೆಯೇ ಎಂದು ತರಬೇತುದಾರರಿಗೆ ಮುಂಚೆಯೇ ತಿಳಿಸಿ, ಎಲ್ಲರಿಗೂ ಚಿತ್ರದ ಕಾರ್ಡು ಕೊಡಿಸಿ, ಆಗ ಯಾರು ಯಾವುದನ್ನು ಬಳಸಿದರು ಎಂದು ಗೊತ್ತಾಗುವುದಿಲ್ಲ. ಮತವನ್ನು ಮರೆಯಲ್ಲೇ ಹಾಕಿಸಿ. ಮರುಭೇಟಿಯ ತಾರೀಖನ್ನು ಹಣ ಕೊಡುವ ಮೊದಲು ಕಾಗದದ ಮೇಲೆ ಬರೆಸಿಕೊಳ್ಳಿ.

ನಮ್ಮ ಮುಂದಿನ ಸಭೆಗೆ ಇರುವುದು ಒಂದೇ ಪ್ರಶ್ನೆ. ಕಬ್ಬಿಗೆ ಬದುವಿನಲ್ಲೇ ಅರ್ಧ ಹಣ ಕೊಡಲು ಬಂಡವಾಳ ಎಲ್ಲಿಂದ ತರುವುದು? ಈ ಸಲ ಹೊರಗಿನಿಂದ ಯಾರನ್ನೂ ಕರೆಯುತ್ತಿಲ್ಲ. ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಕತ್ತರಿಸಿ ಕಾರ್ಡು ಮಾಡಿಕೊಂಡಿದ್ದೇವೆ. ಚಿತ್ರಗಳನ್ನು ಲೆಕ್ಕ ಬರೆಯುವ ಹುಡುಗಿ ಬಿಡಿಸುತ್ತಿದ್ದಾಳೆ. ನೆನ್ನೆ ಗದ್ದೆಯ ಬದುವಿನ ಚಿತ್ರ ಮುಗಿಸಿ ನನಗೆ ತೋರಿಸಿದಳು, ಬ್ಯಾಂಕಿನದು ಇನ್ನೂ ಬಾಕಿ ಇದೆ.